ಶಿಕ್ಷೆಯ ಪ್ರಮಾಣ ಒಂದು ಮಧ್ಯಾಹ್ನದಲ್ಲಿ ಮುಗಿಸುವ ಮಾತಲ್ಲ

ಮಾನ್ಯ ಸಂಪಾದಕರೇ,

ಮಗುವಿನ ಮೇಲೆ ಅತ್ಯಾಚಾರ, ಕೊಲೆ ನಡೆದಾಗಲೆಲ್ಲ ಕಲಬುರಗಿಯ ಜಗತ್ ವೃತ್ತದಲ್ಲೋ ಯಾದಗಿರಿಯ ಡಿ.ಸಿ. ಕಚೇರಿ ಮುಂದೋ ಜನ ಸೇರುತ್ತಾರೆ. ಮನವಿಪತ್ರದ ಮೊದಲ ಸಾಲೇ ‘ಆರೋಪಿಯನ್ನು ಗಲ್ಲಿಗೇರಿಸಿ’ ಎಂದಿರುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಸೆಷನ್ಸ್ ಕೋರ್ಟಿನಲ್ಲಿ ಇಂಥ ಪ್ರಕರಣ ಹೇಗೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ಬಲ್ಲ ನಮಗೆ ಮರಣದಂಡನೆ ಇರಲೇಬಾರದು ಅನಿಸುತ್ತದೆ. ಇರುವಷ್ಟು ದಿನವಾದರೂ ಅದನ್ನು ವಿಧಿಸುವ ಮುನ್ನ ಆಗಲೇಬೇಕಾದ ಕೆಲಸ ಆಗಲಿ ಎಂಬುದು ಈ ಪತ್ರದ ಕೇಳಿಕೆ.

ನಮ್ಮ ಪಕ್ಕದ ಮಹಾರಾಷ್ಟ್ರದ್ದೇ ಉದಾಹರಣೆ ನೋಡಿ. ಅಲ್ಲಿ 2003ರಲ್ಲಿ ನಡೆದ ಕೊಲೆ, ಅತ್ಯಾಚಾರ ಪ್ರಕರಣದಲ್ಲಿ ಅಲೆಮಾರಿ ಸಮುದಾಯದ 6 ಮಂದಿಗೆ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲು ಖಾಯಂ ಮಾಡಿತು. ಅವರಲ್ಲಿ ಮೂವರಿಗೆ ಹೈಕೋರ್ಟ್ ಜೀವಾವಧಿಗೆ ಇಳಿಸಿದ್ದನ್ನು ಮತ್ತೆ ಗಲ್ಲಿಗೆ ಏರಿಸಿತ್ತು. 2019ರಲ್ಲಿ ಅದೇ ಸುಪ್ರೀಂ ಕೋರ್ಟ್ ಆರೂ ಜನ ನಿರಪರಾಧಿಗಳೆಂದು ಬಿಟ್ಟಿತು. ಬದುಕುಳಿದ ಸಾಕ್ಷಿ ಪೊಲೀಸರ ಫೋಟೊ ಆಲ್ಬಮ್ಮಿನಲ್ಲಿ ಗುರುತಿಸಿದ್ದು ಬೇರೆ ನಾಲ್ವರನ್ನು. ಆ ಮಾತು ಕಡತದೊಳಗೇ ಉಳಿದುಬಿಟ್ಟಿತ್ತು. ಪರಿಹಾರವೆಂದು ತಲಾ 5 ಲಕ್ಷ ರೂಪಾಯಿ ಕೊಡಲು ಕೋರ್ಟ್ ಹೇಳಿತು; ಈ ನಡುವೆ ಗಲ್ಲು ಜಾರಿಯಾಗಿದ್ದರೆ ಅದನ್ನು ಕೊಡಬೇಕಿದ್ದುದು ಯಾರ ಕೈಗೆ?

ಸಾಕ್ಷ್ಯ ಕೆಡುವುದು ಬಹುಮಟ್ಟಿಗೆ ಮೊದಲ ವಾರದಲ್ಲಿ. ರಕ್ತದ ಬಟ್ಟೆಯನ್ನು ನೆರಳಿನಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಒತ್ತಬೇಕು. ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ, ನಮ್ಮ ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಬೂಸ್ಟು ಹಿಡಿದು ಡಿಎನ್‌ಎ ಹಾಳಾಗಲು ಬಹಳ ದಿನ ಬೇಕಿಲ್ಲ. ಮುದ್ದೆಮಾಲು, ಅಂದರೆ ವಶಪಡಿಸಿಕೊಂಡ ವಸ್ತು, ಠಾಣೆಯ ಮಾಲಖಾನೆಗೆ (ದಾಸ್ತಾನು ಕೋಣೆ) ಬಂದ ಹೊತ್ತು, ಅಲ್ಲಿಂದ ಪ್ರಯೋಗಾಲಯಕ್ಕೆ ಹೋದ ಹೊತ್ತು, ಒಯ್ದ ಸಿಬ್ಬಂದಿ, ಮುದ್ರೆಯ ಮಾದರಿ ಎಲ್ಲ ರಿಜಿಸ್ಟರಿನಲ್ಲಿ ತಾಳೆಯಾಗಬೇಕು. ಯುವತಿಯೊಬ್ಬಳ ಅತ್ಯಾಚಾರ, ಕೊಲೆಯ ದೆಹಲಿಯ ಛಾವ್ಲಾ ಪ್ರಕರಣದಲ್ಲಿ 2012ರ ಫೆಬ್ರುವರಿ 14 ಮತ್ತು 16ರಂದು ತೆಗೆದ ಮಾದರಿಗಳು ಪ್ರಯೋಗಾಲಯಕ್ಕೆ ಹೋದದ್ದು 27ರಂದು. 49 ಸಾಕ್ಷಿಗಳಲ್ಲಿ 10 ಮುಖ್ಯ ಸಾಕ್ಷಿಗಳಿಗೆ ಪಾಟಿ ಸವಾಲೇ ಆಗಿರಲಿಲ್ಲ. ಗಲ್ಲು ಶಿಕ್ಷೆಯಾಗಿದ್ದ ಮೂವರನ್ನೂ ಸುಪ್ರೀಂ ಕೋರ್ಟ್ 2022ರಲ್ಲಿ ಬಿಡುಗಡೆ ಮಾಡಿತು. ಮಗಳನ್ನು ಕಳಕೊಂಡ ಮನೆಯವರಿಗೆ ಸಿಕ್ಕಿದ್ದೇನು? ಕೆಳಗಿನ ಎರಡು ಕೋರ್ಟುಗಳ ಗಲ್ಲಿನ ಆದೇಶ ಅವರ ಪಾಲಿಗೆ ಕೊನೆಗೆ ಬರಿ ಕಾಗದವಾಯಿತು.

ಇನ್ನು ಶಿಕ್ಷೆಯ ಪ್ರಮಾಣದ ವಿಚಾರಣೆ. ಜನರ ಕಣ್ಣಿಗೆ ಬೀಳದೆ ಮುಗಿದುಹೋಗುವ ಹಂತ ಇದು, ಒಂದು ಜೀವ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಇಲ್ಲೇ. ಜೀವಾವಧಿಯೇ ನಿಯಮ, ಗಲ್ಲು ಅಪವಾದ, ಅದೂ ‘ಅಪರೂಪದಲ್ಲಿ ಅಪರೂಪ’ವಾದ ಪ್ರಕರಣದಲ್ಲಿ ಮಾತ್ರ ಎಂದು 1980ರ ಬಚ್ಚನ್ ಸಿಂಗ್ ತೀರ್ಪು ಹೇಳಿತು. ಅಪರಾಧವನ್ನಷ್ಟೇ ಅಲ್ಲ, ಅಪರಾಧಿಯನ್ನೂ ನೋಡಬೇಕು, ಅವನು ಸುಧಾರಿಸಲಾರ ಎಂಬುದನ್ನು ಸರ್ಕಾರವೇ ತೋರಿಸಿಕೊಡಬೇಕು. ಆದರೆ ನಡೆಯುವುದು ಹೀಗೆ: ಬೆಳಿಗ್ಗೆ ‘ದೋಷಿ’ ಎಂಬ ತೀರ್ಪು, ಊಟದ ನಂತರ ಶಿಕ್ಷೆಯ ಮೇಲೆ ವಾದ. ವಕೀಲರು ಹೇಳುವುದು ಮೂರೇ ಮಾತು: ಬಡವ, ಹೆಂಡತಿ ಮಕ್ಕಳಿದ್ದಾರೆ, ಕರುಣೆ ತೋರಿ. ಹಿಂದೆ ಒಂದು ಕಾಗದವೂ ಇರುವುದಿಲ್ಲ.

ಹೀಗಾಗಬಾರದೆಂದೇ 2022ರ ಮೇ ತಿಂಗಳಲ್ಲಿ, ಮನೋಜ್ ವಿರುದ್ಧ ಮಧ್ಯಪ್ರದೇಶ ಸರ್ಕಾರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಕಟ್ಟಳೆ ಹಾಕಿದೆ. ಆರೋಪಿಯ ಮನೋವೈದ್ಯಕೀಯ ತಪಾಸಣೆಯ ವರದಿ ವಿಚಾರಣೆಯ ಹಂತದಲ್ಲೇ ಆಗಬೇಕು. ತಡವಾದರೆ ಕೃತ್ಯದ ಹೊತ್ತಿನ ಮನಸ್ಥಿತಿ ತಿಳಿಯುವುದು ಕಷ್ಟ. ವಯಸ್ಸು, ಬೆಳೆದ ಮನೆ, ಅಲ್ಲಿ ಅನುಭವಿಸಿದ ಹಿಂಸೆ, ಓದು, ದುಡಿಮೆ, ಬಡತನ, ಹಿಂದಿನ ಅಪರಾಧ, ಕಾಯಿಲೆ ಇಷ್ಟರ ವಿವರವನ್ನು ಕಾಲಮಿತಿಯಲ್ಲಿ ಕಲೆಹಾಕಬೇಕು. ಜೈಲಿನ ನಡತೆ, ಅಲ್ಲಿ ಮಾಡಿದ ಕೆಲಸದ ವರದಿಯೂ ಬೇಕು.

ನಮ್ಮ ಭಾಗದಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಯಾದಗಿರಿ ಕಡೆಯ ಆರೋಪಿಯ ತಂದೆತಾಯಿ ಗುಳೆ ಹೋಗಿ ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ತಾಂಡಾದಲ್ಲಿ ಲಂಬಾಣಿ, ಔರಾದ್ ಕಡೆ ಮರಾಠಿ, ಬೀದರ್ ಪಟ್ಟಣದಲ್ಲಿ ಉರ್ದು ಮನೆಮಾತು. ಮನೆಮಾತಿನಲ್ಲಿ ಕೇಳದಿದ್ದರೆ ಬಾಲ್ಯದ ಏಟು, ತಲೆಗೆ ಬಿದ್ದ ಪೆಟ್ಟು, ಮನೆಯಲ್ಲಿದ್ದ ಮಾನಸಿಕ ಕಾಯಿಲೆ ಯಾರೂ ಹೇಳುವುದಿಲ್ಲ. ಒಂದೆರಡು ಭೇಟಿಗೆ ಆಗುವ ಕೆಲಸವೂ ಅಲ್ಲ. ಮೊದಲ ಭೇಟಿಯಲ್ಲಿ ‘ಎಲ್ಲ ಚಲೋ ಇತ್ತು’ ಎಂದೇ ಹೇಳುತ್ತಾರೆ. ಶಾಲೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ದಾಖಲೆ ತೆಗೆಸಲು ಬಂಧನವಾದ ತಿಂಗಳಿನಿಂದಲೇ ಓಡಾಡಬೇಕು.

ವಯಸ್ಸಿನ ಮಾತು ಇನ್ನೂ ಸೂಕ್ಷ್ಮ. ನಮ್ಮ ಎಷ್ಟೋ ಮಂದಿಯ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದ ತಾರೀಖದು. ಕೃತ್ಯದ ದಿನ 18 ತುಂಬದವನಿಗೆ ಗಲ್ಲು ಕೊಡುವಂತಿಲ್ಲ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಮೊದಲು ಶಾಲಾ ದಾಖಲೆ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆ ಪರೀಕ್ಷೆ ಹೇಳುವುದು ಒಂದೆರಡು ವರ್ಷ ಆಚೀಚೆಯ ಅಂದಾಜು, ತಾರೀಖಲ್ಲ. 1994ರ ಪುಣೆಯ ಕೊಲೆ ಪ್ರಕರಣದಲ್ಲಿ ಗಲ್ಲು ಶಿಕ್ಷೆಯಾದವನು ಕೃತ್ಯದ ಹೊತ್ತಿಗೆ 12 ವರ್ಷ 6 ತಿಂಗಳ ಹುಡುಗನಾಗಿದ್ದ ಎಂದು ರಾಜಸ್ಥಾನದ ಶಾಲಾ ದಾಖಲೆಯಿಂದ ಸುಪ್ರೀಂ ಕೋರ್ಟ್ ಒಪ್ಪಿದ್ದು 2023ರಲ್ಲಿ. ಅಷ್ಟರಲ್ಲಿ 28 ವರ್ಷ ಜೈಲಿನಲ್ಲೇ ಕಳೆದಿತ್ತು.

‘ಬೇಗ ಗಲ್ಲಿಗೇರಿಸಿ’ ಎಂಬವರು ಮಧ್ಯಪ್ರದೇಶದ ಖಂಡ್ವಾವನ್ನೂ ನೆನೆಯಲಿ. 2013ರಲ್ಲಿ ಅಲ್ಲಿ ಮಗುವಿನ ಅತ್ಯಾಚಾರ, ಕೊಲೆಯ ಆರೋಪಿಯೊಬ್ಬನಿಗೆ ಉಚಿತ ವಕೀಲರನ್ನು ಕೊಟ್ಟ ದಿನವೇ ಆರೋಪ ಹೊರಿಸಿ, ಎರಡು ವಾರದೊಳಗೆ ಮರಣದಂಡನೆ ವಿಧಿಸಿದರು. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು. 2024ರಲ್ಲಿ ಆತ ಖುಲಾಸೆಯಾದ. ಗಲ್ಲು ಅಥವಾ ಜೀವಾವಧಿ ಆಗಬಹುದಾದ ಪ್ರಕರಣದಲ್ಲಿ ಉಚಿತ ವಕೀಲರಿಗೆ ಕನಿಷ್ಠ 10 ವರ್ಷದ ಅನುಭವ ಇರಬೇಕು, ತಯಾರಿಗೆ ಸಾಮಾನ್ಯವಾಗಿ 7 ದಿನವಾದರೂ ಸಿಗಬೇಕು ಎಂಬ ನಿಯಮ ಹುಟ್ಟಿದ್ದು ಆ ತೀರ್ಪಿನಿಂದಲೇ.

ಕ್ರೂರಿಯನ್ನು ಹೊರಗೆ ಬಿಡಬೇಕೇ ಎಂದು ಕೇಳುವವರಿಗೆ ಉತ್ತರ ನಮ್ಮ ಕರ್ನಾಟಕದ ಪ್ರಕರಣದಲ್ಲೇ ಇದೆ. 2008ರ ಸ್ವಾಮಿ ಶ್ರದ್ಧಾನಂದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗಲ್ಲಿನ ಬದಲು, ಅವಧಿ ಕಡಿತದ ರಿಯಾಯಿತಿ ಇಲ್ಲದೆ ಸಾಯುವತನಕ ಸೆರೆ ವಿಧಿಸಿತು. 2015ರಲ್ಲಿ ಸಂವಿಧಾನ ಪೀಠವೂ ಇಂಥ ಶಿಕ್ಷೆಯನ್ನು ಎತ್ತಿಹಿಡಿದಿದೆ. ಸಮಾಜಕ್ಕೆ ಬೇಕಾದ ರಕ್ಷಣೆ ಇದರಲ್ಲಿದೆ. ತಪ್ಪು ಗೊತ್ತಾದ ದಿನ ಬಾಗಿಲು ತೆಗೆಯಲೂ ಆಗುತ್ತದೆ.

ಕೊನೆಗೆ, ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಿಗೆ ಒಂದು ಕೋರಿಕೆ. ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗಳಲ್ಲಿ ಲಂಬಾಣಿ, ಮರಾಠಿ, ಉರ್ದು ಬಲ್ಲ ಸಮಾಜಕಾರ್ಯ ಪದವೀಧರರ ಪಟ್ಟಿ ಮಾಡಿ, ಗಲ್ಲು ಆಗಬಹುದಾದ ಪ್ರತಿ ಪ್ರಕರಣಕ್ಕೂ ದೋಷಾರೋಪ ಪಟ್ಟಿ ಸಲ್ಲಿಕೆಯಾದ ಕೂಡಲೇ ಒಬ್ಬರನ್ನು ನೇಮಿಸಲಿ. ಪ್ರತಿಭಟನೆಯ ಮನವಿಪತ್ರ ಬರೆಯುವವರು ಸತ್ತವರ ಮನೆಯವರಿಗೆ ಸಿಗಬೇಕಾದ ಪರಿಹಾರವನ್ನೂ ಅದರಲ್ಲಿ ಸೇರಿಸಲಿ. ಪರಿಹಾರಕ್ಕೆ ಅರ್ಜಿ ಹೋದ ಮೇಲೆ ಪ್ರಾಧಿಕಾರ 2 ತಿಂಗಳಲ್ಲಿ ಅದರ ಪರಿಶೀಲನೆ ಮುಗಿಸಬೇಕೆಂದು ಕಾನೂನಿನಲ್ಲೇ ಇದೆ. ಆ ಅರ್ಜಿ ಹಾಕಿಸಲು ಮನೆಯವರ ಜೊತೆ ಪ್ರಾಧಿಕಾರದ ಕಚೇರಿಗೆ ಯಾರಾದರೂ ಹೋಗಬೇಕು, ಅಷ್ಟೇ.

— ಸೆಷನ್ಸ್ ಕೋರ್ಟಿನಲ್ಲಿ ಕ್ರಿಮಿನಲ್ ಪ್ರಕರಣ ನಡೆಸುವ ಕೆಲವು ವಕೀಲರು, ಕಲಬುರಗಿ