ಡೌರೊ ಕಣಿವೆಯನ್ನು ಒಂದೇ ದಿನದಲ್ಲಿ ಮುಗಿಸಬೇಡಿ

ಮಾನ್ಯ ಸಂಪಾದಕರೇ,

ಪೋರ್ಚುಗಲ್‌ನ ಡೌರೊ ನದಿ ಕಣಿವೆ ಬಗ್ಗೆ ನಿಮ್ಮ ಪ್ರವಾಸ ಪುರವಣಿಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಅದರಲ್ಲಿ ಕೊಟ್ಟ ಸಲಹೆಗೆ ನನ್ನ ತಕರಾರಿದೆ. ಬೆಳಿಗ್ಗೆ ಪೋರ್ಟೊ ನಗರದಿಂದ ಬಸ್ಸಲ್ಲಿ ಹೊರಟು, ಎರಡು ದ್ರಾಕ್ಷಿ ತೋಟ ನೋಡಿ, ದೋಣಿಯಲ್ಲಿ ಒಂದು ಸುತ್ತು ಹೊಡೆದು, ರಾತ್ರಿ ವಾಪಸ್ ಬನ್ನಿ ಅಂತ ಬರೆದಿದ್ದಾರಲ್ಲ, ಹಾಗೆ ನೋಡಿದರೆ ಏನೂ ನೋಡಿದಂತಾಗುವುದಿಲ್ಲ. ಷೆಂಗೆನ್ ವೀಸಾಕ್ಕೆ ಓಡಾಡಿ, ಅಷ್ಟು ದುಡ್ಡು ಹಾಕಿ ಹೋದವರು ಎರಡು ಮೂರು ರಾತ್ರಿಯಾದರೂ ಅಲ್ಲಿನ ಹಳ್ಳಿಯಲ್ಲಿ ಉಳಿಯಬೇಕು.

ಬಸ್ ಬಿಟ್ಟು ರೈಲು ಹಿಡಿಯಿರಿ. ಪೋರ್ಟೊದಿಂದ ಪೊಸಿನ್ಯೊ ತನಕ ಹೋಗುವ ಹಳೆಯ ರೈಲು ದಾರಿಯದು. ಮೊದಲ ಒಂದು ಗಂಟೆ ಸುಮ್ನೆ ಊರು, ಗುಡ್ಡ ಅಷ್ಟೇ. ಆಮೇಲೆ ನದಿ ಸಿಗುತ್ತದೆ, ಸಿಕ್ಕ ಮೇಲೆ ಹೆಚ್ಚುಕಡಿಮೆ ಕೊನೆಯವರೆಗೂ ಪಕ್ಕದಲ್ಲೇ ಇರುತ್ತದೆ. ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ, ಕೊನೆಯ ಭಾಗದಲ್ಲಿ ರೈಲು ಸೇತುವೆ ದಾಟಿ ಆಚೆ ದಡಕ್ಕೆ ಹೋದಾಗ ನದಿ ಎಡಕ್ಕೆ ಬರುತ್ತದೆ. ಪಿನ್ಯಾವ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರೆ ಗೋಡೆ ತುಂಬ ನೀಲಿ ಟೈಲ್ಸ್ ಚಿತ್ರಗಳು, ದ್ರಾಕ್ಷಿ ಕೊಯ್ಯುವವರು, ಬುಟ್ಟಿ ಹೊರುವವರು. ಅಲ್ಲೇ ಸುತ್ತಮುತ್ತ ಉಳಿದುಕೊಳ್ಳಿ.

ಲೇಖನದಲ್ಲಿ 'ಪ್ರಕೃತಿಯ ಕೊಡುಗೆ' ಅಂತ ಬರೆದಿದ್ದಾರೆ. ಅಲ್ಲಿನ ಬೆಟ್ಟಗಳ ಮೆಟ್ಟಿಲು ಮೆಟ್ಟಿಲಾದ ಆಕಾರ ಪ್ರಕೃತಿ ಕೊಟ್ಟಿದ್ದಲ್ಲ, ಕೂಲಿ ಜನ ಕಟ್ಟಿದ್ದು. ಮಣ್ಣು ಅನ್ನುವಂಥದ್ದು ಅಲ್ಲಿ ಕಡಿಮೆ, ಎಲ್ಲಾ ಪದರ ಪದರದ ಕಲ್ಲು. ಅದನ್ನು ಒಡೆದು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟಿ, ಅದರ ಹಿಂದೆ ಬಳ್ಳಿ ನೆಟ್ಟರು. ಬೇರು ಕಲ್ಲಿನ ಸಂದಿಯಲ್ಲಿ ಆಳಕ್ಕೆ ಇಳಿದು ನೀರು ಹುಡುಕುತ್ತದೆ. ವೈನ್ ಪ್ರದೇಶ ಅಂತ ಸರ್ಕಾರವೇ ಗಡಿ ಗುರುತಿಸಿದ್ದು 1756ರಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲೋಕ್ಸೆರಾ ಎಂಬ ಕೀಟ ಬೇರನ್ನೇ ತಿಂದು ತೋಟಗಳು ಹಾಳಾದವು. ಆಗ ಬಿಟ್ಟುಹೋದ ಗೋಡೆಗಳ ನಡುವೆ ಇವತ್ತೂ ಪೊದೆ ಬೆಳೆದಿರುವುದು ನಡೆದು ಹೋದರೆ ಕಾಣುತ್ತದೆ, ಬಸ್ಸಿನಿಂದ ಕಾಣುವುದಿಲ್ಲ. 2001ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದೂ ಮನುಷ್ಯ ರೂಪಿಸಿದ ಈ ನೆಲವೇ. ನದಿಯೂ ಹಾಗೇ. ಇಂದು ಕೆರೆಯಂತೆ ನಿಂತಿರುವ ನೀರು ಅಣೆಕಟ್ಟುಗಳಿಂದ ಬಂದದ್ದು. ಮೊದಲು ಪೀಪಾಯಿ ಹೊತ್ತ ಚಪ್ಪಟೆ ತಳದ ದೋಣಿಗಳು ಬಂಡೆ, ಸುಳಿಗಳ ನಡುವೆ ಇಳಿಯಬೇಕಿತ್ತು. ಈ ನದಿಯ ನಕ್ಷೆ ಬರೆದ ಫಾರೆಸ್ಟರ್ ಎಂಬ ವ್ಯಾಪಾರಿಯೇ 1861ರಲ್ಲಿ ದೋಣಿ ಮಗುಚಿ ಮುಳುಗಿ ಸತ್ತ.

ಕುಡಿಯದವರಿಗೆ ಅಲ್ಲೇನಿದೆ ಅಂತ ನಮ್ಮವರು ಕೇಳುತ್ತಾರೆ. ಬೇಕಾದಷ್ಟಿದೆ. ಆಲಿವ್ ಎಣ್ಣೆ, ಬಾದಾಮಿ, ಕಿತ್ತಳೆ ಎಲ್ಲ ಅಲ್ಲೇ ಬೆಳೆಯುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಬಾದಾಮಿ ಮರಗಳು ಹೂ ಬಿಡುತ್ತವೆ. ಸಸ್ಯಾಹಾರಿಗಳು ಮಾತ್ರ ಸ್ವಲ್ಪ ಜಾಗ್ರತೆ: ಆಲೂಗಡ್ಡೆ, ಸೊಪ್ಪು ಹಾಕಿದ 'ಕಾಲ್ದು ವೆರ್ದೆ' ಎಂಬ ಸೂಪು ನೋಡಲು ಶುದ್ಧ ಸಸ್ಯಾಹಾರ, ಆದರೆ ಅದರಲ್ಲಿ ಹಂದಿ ಸಾಸೇಜಿನ ತುಂಡು ಹಾಕುತ್ತಾರೆ, ಮೊದಲೇ ಕೇಳಿಕೊಳ್ಳಿ. ಕೂತ ತಕ್ಷಣ ಮೇಜಿಗೆ ಬರುವ ಬ್ರೆಡ್ಡು, ಆಲಿವ್, ಚೀಸು ಪುಕ್ಕಟೆಯಲ್ಲ, ತಿಂದರೆ ಬಿಲ್ಲಿಗೆ ಸೇರುತ್ತದೆ. ಬೇಡ ಅಂದರೆ ತೆಗೆದುಕೊಂಡು ಹೋಗುತ್ತಾರೆ, ಸಂಕೋಚ ಬೇಡ.

ಕುಡಿಯುವವರಿಗೆ ಒಂದು ಮಾತು. ಈ ಕಣಿವೆಯ ದ್ರಾಕ್ಷಿಯಿಂದ ಮಾಡುವ ಪೋರ್ಟ್ ವೈನು ಸಿಹಿಯಾಗಿರುತ್ತದೆ ಅಂತ ಗಟಗಟ ಕುಡಿಯಬೇಡಿ. ರಸ ಹುಳಿಯುತ್ತಿರುವಾಗಲೇ ಅದಕ್ಕೆ ದ್ರಾಕ್ಷಿಯ ಬ್ರಾಂಡಿ ಸೇರಿಸುತ್ತಾರೆ, ಯೀಸ್ಟ್ ಸತ್ತು ಸಕ್ಕರೆ ಹಾಗೇ ಉಳಿಯುತ್ತದೆ. ಮದ್ಯದ ಅಂಶ ಸುಮಾರು 20 ಶೇಕಡಾ. ಸಣ್ಣ ಗ್ಲಾಸಿನಲ್ಲಿ ಕೊಡುವುದು ಅದಕ್ಕೇ. ಕಲ್ಲಿನ ತೊಟ್ಟಿಯಲ್ಲಿ ದ್ರಾಕ್ಷಿಯನ್ನು ಕಾಲಿನಿಂದ ತುಳಿಯುವುದು ಈಗಲೂ ಕೆಲವು ತೋಟಗಳಲ್ಲಿದೆ. ಕಾಲು ಮೆತ್ತಗೆ, ಬೀಜ ಒಡೆದು ಕಹಿ ಬಿಡುವುದಿಲ್ಲ. ಅದನ್ನು ನೋಡಬೇಕಾದರೆ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಹೋಗಬೇಕು, ರೂಮು ಬಹಳ ಮುಂಚೆ ಬುಕ್ ಮಾಡಬೇಕು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುವುದೂ ಉಂಟು. ವಯಸ್ಸಾದವರನ್ನು ಆಗ ಕರೆದುಕೊಂಡು ಹೋಗಬೇಡಿ.

ಇನ್ನೊಂದು ವಿಷಯ ನಿಮ್ಮ ಲೇಖನದಲ್ಲಿ ಬಂದೇ ಇಲ್ಲ. ರೈಲಿನ ಕೊನೆಯ ನಿಲ್ದಾಣಕ್ಕೆ ಹತ್ತಿರದಲ್ಲೇ ಕೋವಾ ಎಂಬ ಉಪನದಿ ಇದೆ. ಅದರ ದಡದ ಬಂಡೆಗಳ ಮೇಲೆ ಕುದುರೆ, ಕಾಡೆತ್ತು, ಮೇಕೆಗಳನ್ನು ಕೊರೆದಿದ್ದಾರೆ, ಕೆಲವು 20,000 ವರ್ಷಕ್ಕಿಂತ ಹಳೆಯವು. ಅಣೆಕಟ್ಟು ಕಟ್ಟಿ ಮುಳುಗಿಸಲು ಹೊರಟಿದ್ದರು, ಜನ ವಿರೋಧಿಸಿದ್ದರಿಂದ ತೊಂಬತ್ತರ ದಶಕದಲ್ಲಿ ಆ ಕೆಲಸ ನಿಂತಿತು. 1998ರಲ್ಲಿ ಅದೂ ಯುನೆಸ್ಕೊ ಪಟ್ಟಿಗೆ ಬಂತು. ಗೈಡ್ ಜೊತೆ ಜೀಪಿನಲ್ಲಿ ಸ್ವಲ್ಪ ಸ್ವಲ್ಪ ಜನರನ್ನೇ ಬಿಡುತ್ತಾರೆ, ಹಾಗಾಗಿ ಮೊದಲೇ ಹೇಳಿಟ್ಟುಕೊಳ್ಳಬೇಕು. ಪುರವಣಿಯಲ್ಲಿ ಜಾಗವಿದ್ದರೆ ದಯವಿಟ್ಟು ಇದರ ಬಗ್ಗೆ ಬೇರೆಯದೇ ಲೇಖನ ಹಾಕಿ, ರೈಲಿನ ವಿವರವನ್ನೂ ಜೊತೆಗೆ ಕೊಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ