ಭಾನುವಾರದ ಮಾತುಕತೆ: ಜೇಮ್ಸ್ ಆರ್ನೆಸ್

ಎಲ್ಲ ಸದಸ್ಯರಿಗೆ ನಮಸ್ಕಾರ.

ಹಳೆಯ ಟಿವಿ ಧಾರಾವಾಹಿಗಳ ಕುರಿತ ನಮ್ಮ ಮಾತುಕತೆ ಬರುವ ಭಾನುವಾರ ಸಂಜೆ 6 ಗಂಟೆಗೆ ವಿಡಿಯೊ ಕರೆಯಲ್ಲಿ ನಡೆಯಲಿದ್ದು, ಈ ಸಲ ಅಮೆರಿಕದ ನಟ ಜೇಮ್ಸ್ ಆರ್ನೆಸ್ (1923–2011) ಅವರ ಬದುಕು ಮತ್ತು ವೃತ್ತಿಯನ್ನು ಚರ್ಚಿಸಲಿದ್ದೇವೆ. ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದ ಅವರು ಸಿಬಿಎಸ್ ವಾಹಿನಿಯ ‘ಗನ್‌ಸ್ಮೋಕ್’ ಧಾರಾವಾಹಿಯಲ್ಲಿ 1955ರಿಂದ 1975ರವರೆಗೆ ಡಾಡ್ಜ್ ಸಿಟಿಯ ಮಾರ್ಷಲ್ (ಕಾನೂನು ಕಾಯುವ ಅಧಿಕಾರಿ) ಮ್ಯಾಟ್ ಡಿಲನ್ ಪಾತ್ರವನ್ನು ನಿರ್ವಹಿಸಿದರು. ಆರ್ನೆಸ್ ಅವರ ತಮ್ಮ ಪೀಟರ್ ಗ್ರೇವ್ಸ್ ಕೂಡ ನಟ.

ನಾವು ಹೆಚ್ಚು ಸಮಯ ಕೊಡಬೇಕಾದ ವಿಷಯವೊಂದಿದೆ ಎಂದು ನನ್ನ ಅನಿಸಿಕೆ. 1944ರಲ್ಲಿ ಇಟಲಿಯ ಆಂಜಿಯೊ ಕದನದಲ್ಲಿ ಬಲಗಾಲಿಗೆ ತೀವ್ರ ಗಾಯವಾಗಿ, ಆ ನೋವು ಜೀವನದುದ್ದಕ್ಕೂ ಕಾಡಿ, ಕುದುರೆ ಏರುವುದೇ ಕಷ್ಟವಾಗಿದ್ದರೂ ಅವರು 20 ವರ್ಷ ಅದೇ ಪಾತ್ರವನ್ನು ಘನತೆಯಿಂದ ನಡೆಸಿಕೊಂಡು ಬಂದದ್ದು ನಿಜಕ್ಕೂ ಗೌರವಕ್ಕೆ ಅರ್ಹವಾದುದು.

‘ಗನ್‌ಸ್ಮೋಕ್’ನ ಆರಂಭದ ವರ್ಷಗಳ ಅರ್ಧ ಗಂಟೆಯ ಕಪ್ಪುಬಿಳುಪಿನ ಒಂದು ಕಂತನ್ನೂ 1966ರ ನಂತರದ ವರ್ಣದ ಒಂದು ಕಂತನ್ನೂ ಮೊದಲೇ ನೋಡಿಕೊಂಡು ಬನ್ನಿ; ಅವರ ನಟನೆ ಹೇಗೆ ಮಾಗಿತೆಂಬುದು ಆಗ ತಿಳಿಯುತ್ತದೆ. ಭಾಗವಹಿಸುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ‘ಬರುತ್ತೇನೆ’ ಎಂದು ಬರೆಯಬೇಕು; ಮಾತನಾಡಲು ಬಯಸುವವರು ತಮ್ಮ ವಿಷಯವನ್ನೂ ಸೇರಿಸಿ. ಕರೆಯ ಕೊಂಡಿಯನ್ನು ಶನಿವಾರ ಹಾಕುತ್ತೇನೆ. ಅಲ್ಲಿಯವರೆಗೆ ಬೇರೆ ಸಂದೇಶಗಳನ್ನು ದಯವಿಟ್ಟು ಕಡಿಮೆ ಮಾಡಿ ಸಹಕರಿಸಬೇಕೆಂದು ವಿನಂತಿ.