ಸೀಲಿಂಗ್ ಮೇಲೆ ಬಚ್ಚಿಟ್ಟ ನಾಲ್ಕು ನೆಟ್‌ವರ್ಕ್ ಸ್ವಿಚ್‌ಗಳ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ನೆಟ್‌ವರ್ಕ್ ಕೇಬಲಿಂಗ್ ವಿಭಾಗ

ವಿಷಯ: ನಮ್ಮ ಕಚೇರಿಯ ಮೂರು ಮಹಡಿಗಳಲ್ಲಿ ನೀವು ಮಾಡಿದ ಈಥರ್ನೆಟ್ ಕೇಬಲಿಂಗ್ ಒಪ್ಪಂದದಂತೆ ಇಲ್ಲದಿರುವ ಬಗ್ಗೆ

ಮಾನ್ಯರೇ,

ಆರು ಸಲ ಫೋನ್ ಮಾಡಿದ್ದೇನೆ, ಮೂರು ಮೇಲ್ ಕಳಿಸಿದ್ದೇನೆ. ಪ್ರತಿ ಸಲವೂ "ನಾಳೆ ಹುಡುಗನ್ನ ಕಳಿಸ್ತೀವಿ ಮೇಡಂ" ಎಂಬ ಒಂದೇ ಉತ್ತರ. ಹುಡುಗ ಬಂದ. ಅವನು ಬಂದು ಹೋದ ಮೇಲೆ ಆದದ್ದೇ ಈ ಪತ್ರಕ್ಕೆ ಕಾರಣ.

ಕೆಲಸ ಒಪ್ಪಿಸುವ ಮೊದಲು ನಾನು ಕೊಟ್ಟ ನಕ್ಷೆ ನಿಮ್ಮ ಕಡತದಲ್ಲೇ ಇದೆ, ಅದರ ಮೇಲೆ ನಿಮ್ಮ ಸಹಿಯೂ ಇದೆ. ಮಹಡಿಗೊಂದು ಉಪಕರಣಗಳ ರ‍್ಯಾಕ್, ರ‍್ಯಾಕ್‌ಗೊಂದು ಸ್ವಿಚ್, ಅಂದರೆ ಕಂಪ್ಯೂಟರ್‌ಗಳ ಕೇಬಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ. ನೆಲಮಹಡಿಯ ಮುಖ್ಯ ಸ್ವಿಚ್‌ನಿಂದ ಮೇಲಿನ ಎರಡು ಮಹಡಿಗೂ ಬೇರೆಬೇರೆ ಫೈಬರ್ ಕೇಬಲ್. ಒಟ್ಟು 64 ಪಾಯಿಂಟ್, ಅಂದರೆ ಕೇಬಲ್ ಚುಚ್ಚುವ ಜಾಗ. ಪ್ರತಿ ಪಾಯಿಂಟ್‌ನ ಕೇಬಲ್ಲೂ ನಡುವೆ ಎಲ್ಲೂ ತುಂಡಾಗದೆ ಆ ಮಹಡಿಯ ಕೇಬಲ್‌ಗಳೆಲ್ಲ ಬಂದು ಸೇರುವ ಪ್ಯಾಚ್ ಪ್ಯಾನೆಲ್‌ಗೇ ಬರಬೇಕು, ಎರಡೂ ತುದಿಗೆ ಲೇಬಲ್ ಇರಬೇಕು. ಇದು ನಾನು ಹುಟ್ಟಿಸಿದ ನಿಯಮವಲ್ಲ. ನಿಮ್ಮ ಕೊಟೇಶನ್‌ನ ಎರಡನೇ ಪುಟದಲ್ಲಿ ನೀವೇ ಬರೆದದ್ದು.

ಸೋಮವಾರ ಬೆಳಿಗ್ಗೆ ಕಚೇರಿ ತೆರೆದಾಗ ಮೂರೂ ಮಹಡಿಯಲ್ಲಿ ಒಂದು ಫೋನೂ ಇಲ್ಲ, ಒಂದು ಕಂಪ್ಯೂಟರೂ ಇಲ್ಲ. ಸ್ವಿಚ್‌ಗಳ ಎಲ್ಲ ದೀಪಗಳೂ ಒಟ್ಟಿಗೆ ಒಂದೇ ವೇಗದಲ್ಲಿ ಮಿನುಗುತ್ತಿದ್ದವು. ಈ ಕೆಲಸ ಗೊತ್ತಿರುವವರಿಗೆ ಅದೇನೆಂದು ನೋಡಿದೊಡನೆ ತಿಳಿಯುತ್ತದೆ: ಲೂಪ್, ಅಂದರೆ ಕೇಬಲ್ ದಾರಿ ಸುತ್ತಿ ಬಂದು ಮತ್ತೆ ಅಲ್ಲಿಗೇ ಸೇರುವುದು. ಈಥರ್ನೆಟ್ ಫ್ರೇಮ್‌ಗೆ, ಅಂದರೆ ಕೇಬಲ್‌ನಲ್ಲಿ ಹೋಗುವ ಮಾಹಿತಿಯ ತುಂಡಿಗೆ, ಆಯುಸ್ಸು ಎಂಬುದಿಲ್ಲ. ಒಮ್ಮೆ ಆ ಸುತ್ತಿನಲ್ಲಿ ಸಿಕ್ಕಿಬಿದ್ದ, ಎಲ್ಲ ಯಂತ್ರಗಳಿಗೂ ಹೋಗುವ ಬ್ರಾಡ್‌ಕಾಸ್ಟ್ ತಾನಾಗಿ ಸಾಯುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಎಲ್ಲಿ ಸುತ್ತುತ್ತಿದೆ ಎಂದು ಹುಡುಕಲು ಲೇಬಲ್ ನೋಡೋಣವೆಂದರೆ ಒಂದು ಕೇಬಲ್‌ಗೂ ಲೇಬಲ್ ಇಲ್ಲ. ಒಂದೊಂದೇ ವೈರ್ ಕಿತ್ತು ದೀಪ ನೋಡುತ್ತ ಎರಡೂವರೆ ಗಂಟೆ ರ‍್ಯಾಕ್ ಮುಂದೆ ಮಂಡಿಯೂರಿ ಕೂತೆ.

ಕೊನೆಗೆ ಮೂರನೇ ಮಹಡಿಯ ಫಾಲ್ಸ್ ಸೀಲಿಂಗ್ ಹಲಗೆ ತೆಗೆಸಿದೆ. ನಕ್ಷೆಯಲ್ಲಿ ಇಲ್ಲದ ನಾಲ್ಕು ಪುಟ್ಟ ಸ್ವಿಚ್‌ಗಳು ಅಲ್ಲಿದ್ದವು, ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಪೋಣಿಸಿ, ಒಂದು ಎಕ್ಸ್‌ಟೆನ್ಶನ್ ಬೋರ್ಡ್‌ನಿಂದ ಕರೆಂಟ್ ಕೊಟ್ಟು. ರ‍್ಯಾಕ್‌ಗಳಿಗೆ ಬಂದಿರುವ ಕೇಬಲ್ ಎಣಿಸಿದೆ: 41. ಉಳಿದ 23 ಪಾಯಿಂಟ್‌ಗಳು ಈ ಪುಟ್ಟ ಸ್ವಿಚ್‌ಗಳಿಗೆ ನೇತುಬಿದ್ದಿವೆ. 23 ಮೇಜುಗಳ ಸಂಚಾರವೆಲ್ಲ ಒಂದೇ ಒಂದು 1 ಗಿಗಾಬಿಟ್ ವೈರ್‌ನಲ್ಲಿ ಕೆಳಗಿಳಿಯಬೇಕು. ಇನ್ನು ಮೂರನೇ ಮಹಡಿ ನಿಧಾನವಾಗದೆ ಏನಾಗುತ್ತದೆ?

ಆ ನಿಧಾನವನ್ನು ಸರಿ ಮಾಡಲೆಂದೇ ನಿಮ್ಮ ಹುಡುಗ ಶನಿವಾರ ಸಂಜೆ ಬಂದಿದ್ದು. ಎರಡು ಪುಟ್ಟ ಸ್ವಿಚ್‌ಗಳ ನಡುವೆ ಎರಡನೇ ವೈರ್ ಚುಚ್ಚಿ, "ಈಗ ಡಬಲ್ ಸ್ಪೀಡ್ ಬರುತ್ತೆ" ಎಂದು ಕಾವಲುಗಾರನಿಗೆ ಹೇಳಿ ಹೋದ. ಹಾಗೆ ಆದದ್ದು ಆ ಲೂಪ್. ಅದನ್ನು ತಡೆಯಲೆಂದೇ ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ ಇದೆ. ಅದನ್ನೂ ರ‍್ಯಾಕ್‌ನ ಸ್ವಿಚ್‌ಗಳಲ್ಲಿ ನಿಮ್ಮವರು ಆಫ್ ಮಾಡಿಟ್ಟಿದ್ದರು. ಕೇಳಿದರೆ, ಪೋರ್ಟ್ (ಸ್ವಿಚ್‌ನಲ್ಲಿ ಕೇಬಲ್ ಚುಚ್ಚುವ ಕಿಂಡಿ) ಕೆಲಸ ಶುರು ಮಾಡಲು 30 ಸೆಕೆಂಡ್ ಹಿಡಿಯುತ್ತದಂತೆ. ಅದು ಹಳೆಯ ವಿಧಾನದ ತೊಂದರೆ. ಅದಕ್ಕೆ ಪರಿಹಾರವಾಗಿ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ ಬಂದದ್ದು 2001ರಲ್ಲಿ. ಸ್ವಿಚ್‌ಗಳ ಪಾಸ್‌ವರ್ಡನ್ನು ನನಗೆ ಕೊಟ್ಟಿದ್ದು ಎಲ್ಲ ಮುಗಿದ ಮೇಲೆ, ಸೋಮವಾರ.

ಈಗ ಆ ದಿನ ನಡೆದ ಮಾತುಕತೆ. ಇದನ್ನು ನೀವು ಪೂರ್ತಿ ಓದಬೇಕು.

ನಿಮ್ಮ ಸೈಟ್ ಸೂಪರ್‌ವೈಸರ್ ಬಂದಾಗ ಹನ್ನೊಂದು ಮುಕ್ಕಾಲು. ರ‍್ಯಾಕ್ ಕೋಣೆಯಲ್ಲಿ ನಾನು, ನಮ್ಮ ನಿರ್ದೇಶಕರು ಮತ್ತು ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರು ಇದ್ದೆವು. ಸೂಪರ್‌ವೈಸರ್ ಬಾಗಿಲಲ್ಲೇ ನಿಂತು ಕೇಳಿದರು, "ಐಟಿ ನೋಡ್ಕೊಳ್ಳೋ ಸರ್ ಯಾರು?" "ನಾನೇ" ಎಂದೆ. "ಅಲ್ಲ ಮೇಡಂ, ಟೆಕ್ನಿಕಲ್ ಆಗಿ ನೋಡೋರು." "ನಾನೇ ನೋಡೋದು, ಹದಿನಾಲ್ಕು ವರ್ಷದಿಂದ." ಅವರು ನಕ್ಕರು. ಆಮೇಲೆ ನಮ್ಮ ಲೆಕ್ಕಪತ್ರದವರ ಕಡೆ ತಿರುಗಿ ಅವರಿಗೆ ವಿವರಿಸಲು ಶುರು ಮಾಡಿದರು. ಪಾಪ, ಅವರಿಗೆ ಪ್ಯಾಚ್ ಕಾರ್ಡ್ (ನೆಟ್‌ವರ್ಕ್‌ನ ಗಿಡ್ಡ ವೈರ್) ಯಾವುದು, ಕರೆಂಟ್ ವೈರ್ ಯಾವುದು ಎಂದೂ ಗೊತ್ತಿಲ್ಲ. "ನನ್ನನ್ನ ಯಾಕೆ ನೋಡ್ತೀರಿ, ಮೇಡಂನ ಕೇಳಿ" ಎಂದು ಎರಡು ಸಲ ಹೇಳಿದರು. ಆದರೂ ಮುಖ ಈ ಕಡೆ ತಿರುಗಲಿಲ್ಲ.

ಟೆಸ್ಟ್ ರಿಪೋರ್ಟ್ ಎಲ್ಲಿ ಎಂದು ಕೇಳಿದೆ. ಸೂಪರ್‌ವೈಸರ್ ಜೇಬಿನಿಂದ ಎಂಟು ದೀಪದ ಟೆಸ್ಟರ್ ತೆಗೆದು ಒಂದು ಕೇಬಲ್‌ಗೆ ಸಿಕ್ಕಿಸಿ, "ನೋಡಿ ಸರ್, ಎಂಟೂ ಹಸಿರು" ಎಂದು ಲೆಕ್ಕಪತ್ರದವರಿಗೇ ತೋರಿಸಿದರು. ಆ ಕೇಬಲ್‌ನ ಜಾಕ್ ಬಿಚ್ಚಿಸಿದೆ. ಎರಡೆರಡಾಗಿ ಹೆಣೆದ ಎಂಟು ತಂತಿಗಳನ್ನು 1-2, 3-4, 5-6, 7-8 ಎಂದು ಸಾಲಾಗಿ ಜೋಡಿಸಿದ್ದಾರೆ. 3 ಮತ್ತು 6 ಒಂದೇ ಜೋಡಿಯ ತಂತಿಗಳಾಗಿರಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ಎರಡು ತುದಿಯಲ್ಲೂ ಒಂದೇ ತಪ್ಪು ಮಾಡಿದರೆ ಎಂಟೂ ದೀಪ ಹತ್ತುತ್ತವೆ. ಜೋಡಿ ಒಡೆದದ್ದನ್ನು ಆ ಡಬ್ಬಿ ಹೇಳುವುದಿಲ್ಲ. ಒಂದು ಜೋಡಿಯ ಸಂಕೇತ ಇನ್ನೊಂದಕ್ಕೆ ಹರಿದು ಫ್ರೇಮ್‌ಗಳು ಕೆಡುತ್ತವೆ, ಮೂರನೇ ಮಹಡಿಯ ಪೋರ್ಟ್‌ಗಳಲ್ಲಿ ಸಿಆರ್‌ಸಿ ದೋಷ (ಕೆಟ್ಟು ಬಂದ ಫ್ರೇಮ್‌ಗಳ ಎಣಿಕೆ) ಸಾವಿರಗಟ್ಟಲೆ ಏರುತ್ತಿರುವುದು ಅದಕ್ಕೇ. ಇದನ್ನು ಹೇಳಿದಾಗ ನಿಮ್ಮವರ ಉತ್ತರ ಹೀಗಿತ್ತು: "ಮೇಡಂ, ನೀವು ಇಂಟರ್‌ನೆಟ್‌ನಲ್ಲಿ ಓದಿರ್ತೀರಿ. ಪ್ರಾಕ್ಟಿಕಲ್ ಬೇರೆ. ನಿಮಗೆ ಇದೆಲ್ಲ ತಲೆಬಿಸಿ ಬೇಡ." ನಿರ್ದೇಶಕರ ಎದುರಿಗೆ. ನನ್ನದೇ ರ‍್ಯಾಕ್ ಕೋಣೆಯಲ್ಲಿ.

ಆಗ ನಾನು ಧ್ವನಿ ಏರಿಸಲಿಲ್ಲ. ಅವರು ಹೋದ ಮೇಲೆ ಇನ್ನೆರಡು ವಿಷಯ ನೋಡಿಟ್ಟೆ. ಮೂಲೆಯ ಕೋಣೆಗೆ ಹೋದ ಕೇಬಲ್‌ನ ಹೊದಿಕೆಯ ಮೇಲೆ ಮೀಟರ್ ಗುರುತು ಅಚ್ಚಾಗಿದೆ: ಒಂದು ತುದಿಯಲ್ಲಿ 38, ಇನ್ನೊಂದರಲ್ಲಿ 150. ಅಂದರೆ 112 ಮೀಟರ್. ಮಿತಿ 100, ಅದರಲ್ಲೂ ಗೋಡೆಯೊಳಗಿನ ಭಾಗ 90 ದಾಟಬಾರದು, ಉಳಿದ 10 ಎರಡೂ ಕಡೆಯ ಪ್ಯಾಚ್ ಕಾರ್ಡ್‌ಗಳಿಗೆ. ಆಮೇಲೆ ಬ್ಲೇಡಿನಿಂದ ತಂತಿ ಕೆರೆದೆ. ಮೇಲೆ ತಾಮ್ರದ ಲೇಪ, ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ. ಕೊಟೇಶನ್‌ನಲ್ಲಿರುವುದು ಕ್ಯಾಟ್ 6ಎ ದರ್ಜೆಯ ಕೇಬಲ್, ಶುದ್ಧ ತಾಮ್ರ. ಅಲ್ಯೂಮಿನಿಯಂ ಕೋರ್ ಇರುವ ತಂತಿ ಯಾವ ಕ್ಯಾಟಗರಿ ಮಾನದಂಡಕ್ಕೂ ಒಪ್ಪುವುದಿಲ್ಲ. ಇದೇ ತಂತಿಯಲ್ಲಿ ಕ್ಯಾಮೆರಾಗಳಿಗೂ ವೈಫೈ ಆಕ್ಸೆಸ್ ಪಾಯಿಂಟ್‌ಗಳಿಗೂ ಪಿಒಇ, ಅಂದರೆ ನೆಟ್‌ವರ್ಕ್ ಕೇಬಲ್ ಮೂಲಕವೇ ಕೊಡುವ ಕರೆಂಟ್ ಹರಿಯುತ್ತಿದೆ. ತಾಮ್ರಕ್ಕಿಂತ ರೋಧ ಹೆಚ್ಚು, ಹಾಗಾಗಿ ಬಿಸಿಯೂ ಹೆಚ್ಚು. ಕಟ್ಟು ಕಟ್ಟಾಗಿ ಬಿಗಿದ ಆ ತಂತಿಗಳ ಕೆಳಗೆ ಜನ ಕೂತು ಕೆಲಸ ಮಾಡುತ್ತಾರೆ. ನನಗೆ ನಿದ್ದೆ ಬರದಿರುವುದು ಅವಮಾನಕ್ಕಿಂತ ಈ ಕಾರಣಕ್ಕೆ.

ತೇಪೆ ಹಾಕಲು ಇನ್ನೊಬ್ಬ ಹುಡುಗನನ್ನು ಕಳಿಸಬೇಡಿ, ಒಳಗೆ ಬಿಡುವುದಿಲ್ಲ. ಹದಿನೈದು ದಿನದೊಳಗೆ ಅಷ್ಟೂ ಕೇಬಲ್ ತೆಗೆದು, ಒಪ್ಪಿದ ತಾಮ್ರದ ಕೇಬಲ್ ಎಳೆದು, 64 ಪಾಯಿಂಟ್‌ಗೂ ಸರ್ಟಿಫಿಕೇಶನ್ ಟೆಸ್ಟರ್‌ನ ರಿಪೋರ್ಟ್ ಕೊಡುತ್ತೀರೋ ಇಲ್ಲವೋ, ಲಿಖಿತವಾಗಿ ತಿಳಿಸಿ. ಕೊನೆಯ ಕಂತಿನ ಹಣ ತಡೆಹಿಡಿದಿದ್ದೇನೆ. ಕೆರೆದ ತಂತಿ, ಮೀಟರ್ ಗುರುತಿನ ಫೋಟೋ, ಸೀಲಿಂಗ್‌ನಿಂದ ಇಳಿಸಿದ ನಾಲ್ಕು ಸ್ವಿಚ್ ಎಲ್ಲವೂ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿವೆ. ಹದಿನಾರನೇ ದಿನ ಬೇರೆಯವರಿಂದ ಕೆಲಸ ಮಾಡಿಸಿ ಬಿಲ್ಲನ್ನು ವಕೀಲರ ನೋಟಿಸ್ ಜೊತೆ ನಿಮಗೆ ಕಳಿಸುತ್ತೇನೆ. ನಿಮ್ಮ ಗ್ರಾಹಕರ ಪಟ್ಟಿಯಲ್ಲಿ ನಮ್ಮ ಕಚೇರಿಯ ಹೆಸರಿದೆಯಲ್ಲ, ಅದನ್ನು ನೋಡಿ ವಿಚಾರಿಸಲು ಇದುವರೆಗೆ ಇಬ್ಬರು ಫೋನ್ ಮಾಡಿದ್ದಾರೆ. ಮುಂದೆ ಕೇಳುವ ಪ್ರತಿಯೊಬ್ಬರಿಗೂ ಆ ಬೀರು ತೆರೆದು ತೋರಿಸುತ್ತೇನೆ.

ಇಂತಿ,
ನೆಟ್‌ವರ್ಕ್ ನಿರ್ವಾಹಕಿ

ಪ್ರತಿ: ನಮ್ಮ ನಿರ್ದೇಶಕರಿಗೆ. ಅಂದಿನ ಮಾತುಕತೆ ನಾನು ಬರೆದಂತೆಯೇ ನಡೆಯಿತು ಎಂದು ಓದಿ ಸಹಿ ಮಾಡಿದ್ದಾರೆ.